ಎಲ್‌ಪಿ, ಕ್ಯಾಸೆಟ್, ಸಿಡಿ: ಮತ್ತೆ ಶುರು ಮಾಡುವುದಾದರೆ ಯಾವುದರಿಂದ?

ಹಳೆಯ ರೆಕಾರ್ಡು, ಕ್ಯಾಸೆಟ್, ಸಿಡಿಗಳ ಮೇಲೆ ಮತ್ತೆ ಆಸೆ ಹುಟ್ಟಿದವರು ಮೊದಲು ಕೇಳುವುದು ಒಂದೇ ಮಾತು: ಯಾವುದರಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ? ಅಲ್ಲಿಂದ ಶುರು ಮಾಡಿದರೆ ವಾದ ಮುಗಿಯುವುದಿಲ್ಲ. ಒಬ್ಬರು ಎಲ್‌ಪಿಗೆ, ಅಂದರೆ ದೊಡ್ಡ ರೆಕಾರ್ಡು ತಟ್ಟೆಗೆ, ಸಮ ಯಾವುದೂ ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಸಿಡಿಯ ಲೆಕ್ಕಗಳನ್ನು ಮುಂದಿಡುತ್ತಾರೆ. ಕೇಳಿದವರಿಗೆ ತಲೆ ಕೆಡುತ್ತದೆ ಅಷ್ಟೆ.

ನಾನಾದರೆ ಬೇರೆ ಎರಡು ಪ್ರಶ್ನೆ ಕೇಳುತ್ತೇನೆ. ನೀವು ಕಳೆದುಕೊಂಡಿದ್ದೇನೆ ಎಂದು ಅಂದುಕೊಳ್ಳುತ್ತಿರುವುದು ನಿಜವಾಗಿ ಏನು? ಅದನ್ನು ನುಡಿಸುವ ಯಂತ್ರ ಇವತ್ತು ಒಳ್ಳೆಯದು ಸಿಗುತ್ತದಾ? ರೆಕಾರ್ಡು, ಕ್ಯಾಸೆಟ್ ಹೇಗಾದರೂ ಸಿಕ್ಕಿಬಿಡುತ್ತವೆ. ಯಂತ್ರದ್ದೇ ತಲೆನೋವು. ಆಸೆಯ ಭರದಲ್ಲಿ ಜನ ಮೊದಲು ಹತ್ತಾರು ಕ್ಯಾಸೆಟ್ ಕೊಂಡು, ಆಮೇಲೆ ಪ್ಲೇಯರ್ ಹುಡುಕಲು ಹೊರಡುತ್ತಾರೆ. ಅದು ಉಲ್ಟಾ ಆಗಬೇಕು.

ಯಾವುದು ಕಾಡುತ್ತಿದೆ?

ಕೆಲವರನ್ನು ಕಾಡುವುದು ಅಂಗಡಿ. ಸಾಲಾಗಿ ನಿಲ್ಲಿಸಿದ ಕವರ್‌ಗಳನ್ನು ಬೆರಳಲ್ಲಿ ಒಂದೊಂದೇ ಮುಂದಕ್ಕೆ ಬಾಗಿಸುತ್ತಾ, ಕೇಳೇ ಇಲ್ಲದ ಹೆಸರಿನ ಮುಂದೆ ನಿಂತುಬಿಡುವುದು. ಇದು ನಿಮ್ಮ ಆಸೆಯಾದರೆ ಎಲ್‌ಪಿಯನ್ನು ಮೀರಿಸುವುದು ಯಾವುದೂ ಇಲ್ಲ. ಹನ್ನೆರಡು ಇಂಚಿನ ಕವರ್ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಸಿಡಿ, ಕ್ಯಾಸೆಟ್‌ಗಳ ಸಾಲಿನಲ್ಲಿ ಕಾಣುವುದು ಅಂಚಿನ ಸಣ್ಣ ಅಕ್ಷರ ಮಾತ್ರ. ಕತ್ತು ವಾಲಿಸಿಕೊಂಡು ಓದುತ್ತಾ ಹೋಗಬೇಕು. ಅರ್ಧ ಗಂಟೆಗೆ ಕುತ್ತಿಗೆ ನೋವು ಗ್ಯಾರಂಟಿ.

ಇನ್ನು ಕೆಲವರಿಗೆ ಬೇಕಿರುವುದು ಒಂದು ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ಕೂತು ಕೇಳುವ ಅಭ್ಯಾಸ. ಅದಕ್ಕೆ ಎಲ್‌ಪಿ ಆದೀತು, ಸಿಡಿಯೂ ಆದೀತು. ಮತ್ತೆ ಕೆಲವರ ಅಟ್ಟದಲ್ಲಿ ಮನೆಯವರ ದನಿ ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳ ಪೆಟ್ಟಿಗೆ ಇರುತ್ತದೆ. ಅವರಿಗೆ ಆಯ್ಕೆಯೇ ಇಲ್ಲ, ಬೇಕಾದದ್ದು ಟೇಪ್ ಡೆಕ್, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರ.

ಕೊನೆಯ ಗುಂಪು, ಹಾಡು ತಮ್ಮದಾಗಿ ಇರಬೇಕು ಅನ್ನುವವರು. ಫೋನಿನಲ್ಲಿ ತಿಂಗಳ ಹಣ ಕಟ್ಟಿ ಕೇಳುವ ಹಾಡು ನಮ್ಮದಲ್ಲ. ಹಕ್ಕಿನ ಒಪ್ಪಂದ ಮುಗಿದರೆ ಒಂದು ದಿನ ಪಟ್ಟಿಯಿಂದ ಸುಮ್ನೆ ಮಾಯವಾಗುತ್ತದೆ. ಹಳೆಯ ರೆಕಾರ್ಡಿಂಗ್ ತೆಗೆದು, ಅದೇ ಹೆಸರಲ್ಲಿ ಹೊಸದಾಗಿ ತಿದ್ದಿದ್ದನ್ನು ಹಾಕುವುದೂ ಉಂಟು. ಈ ಗುಂಪಿನವರು ಕಣ್ಣು ಮುಚ್ಚಿ ಸಿಡಿಗೆ ಹೋಗಬಹುದು. ಕಾರಣ ಮುಂದೆ ಹೇಳುತ್ತೇನೆ.

ಎಲ್‌ಪಿ: ಯಂತ್ರ ಸುಲಭ, ಉಳಿದದ್ದೆಲ್ಲ ದುಬಾರಿ

ಮೂರರಲ್ಲಿ ಎಲ್‌ಪಿಯೇ ಹಳೆಯದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ಮೂರೂ ಮೂರನೇ ಒಂದು ಸುತ್ತು ತಿರುಗುವ ಈ ತಟ್ಟೆಯನ್ನು ಹೊರತಂದಿತು. ಅದಕ್ಕೂ ಮುಂಚೆ ಇದ್ದ 78 ಸುತ್ತಿನ ಹತ್ತು ಇಂಚಿನ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಹೆಚ್ಚೆಂದರೆ ಅದರ ಮೇಲೆ ಸ್ವಲ್ಪ. ಎಲ್‌ಪಿಯಲ್ಲಿ ಅದು ಇಪ್ಪತ್ತು ನಿಮಿಷ ದಾಟಿತು. ಮರುವರ್ಷವೇ ಆರ್‌ಸಿಎ ವಿಕ್ಟರ್ 45 ಸುತ್ತಿನ ಏಳು ಇಂಚಿನ ಸಣ್ಣ ತಟ್ಟೆ ತಂದಿತು. ಇವತ್ತು ಅಂಗಡಿಯಲ್ಲಿ ಸಿಗುವ ಹೆಚ್ಚಿನ ರೆಕಾರ್ಡುಗಳು ಈ ಎರಡು ಬಗೆಯವು.

ಆಶ್ಚರ್ಯ ಅಂದರೆ ಇಷ್ಟು ಹಳೆಯದಕ್ಕೇ ಹೊಸ ಯಂತ್ರ ಚೆನ್ನಾಗಿ ಸಿಗುತ್ತದೆ. ರೆಕಾರ್ಡು ನುಡಿಸುವ ಯಂತ್ರಕ್ಕೆ ಟರ್ನ್‌ಟೇಬಲ್ ಅನ್ನುತ್ತಾರೆ. ಡಿಜೆಗಳ ಮೆಚ್ಚಿನ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ 1972ರಲ್ಲಿ ಬಂದು, 2010ರಲ್ಲಿ ನಿಂತು, 2016ರಲ್ಲಿ ಮತ್ತೆ ತಯಾರಾಗತೊಡಗಿತು. ಮುಳ್ಳು, ಬೆಲ್ಟು, ಮುಳ್ಳನ್ನು ಹಿಡಿದಿರುವ ಕಾರ್ಟ್ರಿಡ್ಜ್ ಎಲ್ಲಾ ಇವತ್ತಿಗೂ ಹೊಸದಾಗಿ ಸಿಗುತ್ತವೆ.

ಆದರೆ ಮೊದಲ ಸಲ ಕೊಳ್ಳುವವರ ಕಣ್ಣು ಹೋಗುವುದು ಸೂಟ್‌ಕೇಸಿನ ಆಕಾರದ ಮುದ್ದಾದ ಪ್ಲೇಯರ್ ಮೇಲೆ. ಸ್ಪೀಕರ್ ಒಳಗೇ ಇರುತ್ತದೆ, ಬೆಲೆ ಕಡಿಮೆ, ನೋಡಲು ಚೆಂದ. ನನ್ನ ಮಾತು ಕೇಳುವುದಾದರೆ ಬೇಡ. ಇವುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಡ್ಜ್ ಇರುತ್ತದೆ. ಮುಳ್ಳು ತಟ್ಟೆಯ ಮೇಲೆ ಐದಾರು ಗ್ರಾಂ ಭಾರ ಹಾಕುತ್ತದೆ. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ಗೆ 1.5ರಿಂದ 2.5 ಗ್ರಾಂ ಸಾಕು. ಭಾರವನ್ನು ಸರಿಹೊಂದಿಸುವ ವ್ಯವಸ್ಥೆಯೂ ಬಹುತೇಕ ಇವುಗಳಲ್ಲಿ ಇರುವುದಿಲ್ಲ. ಮೇಲಿಂದ ಸ್ಪೀಕರಿನ ಅದುರು ಅದೇ ಪೆಟ್ಟಿಗೆಯಲ್ಲಿರುವ ಮುಳ್ಳಿಗೆ ತಲುಪುತ್ತದೆ. ಒಂದೆರಡು ರೆಕಾರ್ಡು ಸುಮ್ನೆ ತಮಾಷೆಗೆ ಕೇಳುವವರಿಗೆ ತೊಂದರೆಯಿಲ್ಲ. ಸಂಗ್ರಹ ಮಾಡುವ ಯೋಚನೆ ಇದ್ದರೆ ಹಿಂಬದಿಯಲ್ಲಿ ತೂಕದ ಗುಂಡು ಇರುವ, ಮುಳ್ಳು ಬದಲಾಯಿಸಲು ಬರುವ ಟರ್ನ್‌ಟೇಬಲ್ಲನ್ನೇ ನೋಡಿ. ವಜ್ರದ ಮುಳ್ಳು 500ರಿಂದ 1000 ಗಂಟೆ ಬಾಳುತ್ತದೆ. ಸವೆದ ಮುಳ್ಳಿನಲ್ಲಿ ನುಡಿಸಿದರೆ ಹಾಳಾಗುವುದು ಮುಳ್ಳಲ್ಲ, ರೆಕಾರ್ಡು.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದೇ ಇಲ್ಲ. ರೆಕಾರ್ಡು ಕೊರೆಯುವಾಗ ದಪ್ಪ ಸದ್ದನ್ನು ತಗ್ಗಿಸಿ, ಚೂಪು ಸದ್ದನ್ನು ಏರಿಸಿ ಕೊರೆಯುತ್ತಾರೆ. ಇಲ್ಲದಿದ್ದರೆ ದಪ್ಪ ಸದ್ದಿನ ಗೆರೆ ಅಗಲವಾಗಿ, ಬದಿಯಲ್ಲಿ ಅಷ್ಟು ಹೊತ್ತಿನ ಹಾಡು ಹಿಡಿಸುವುದಿಲ್ಲ. ಇದಕ್ಕೆ 1954ರಿಂದ ಆರ್‌ಐಎಎ ಎಂಬ ಅಳತೆ ಇದೆ. ನುಡಿಸುವಾಗ ಅದನ್ನು ತಿರುಗಿಸಿ ಸರಿ ಮಾಡಲು ಫೋನೋ ಪ್ರೀಆಂಪ್ ಎಂಬ ಸಣ್ಣ ಸಾಧನ ಬೇಕು. ಟರ್ನ್‌ಟೇಬಲ್ಲಿನ ತಂತಿಯನ್ನು ನೇರವಾಗಿ ಸಾದಾ ಸ್ಪೀಕರಿಗೆ ಚುಚ್ಚಿದರೆ ಹಾಡು ಡಬ್ಬಿಯೊಳಗಿಂದ ಬಂದ ಹಾಗೆ ಕೀರಲಾಗಿ, ಮೆತ್ತಗೆ ಕೇಳುತ್ತದೆ. ಯಂತ್ರ ಕೆಟ್ಟಿದೆ ಎಂದು ವಾಪಸ್ ಒಯ್ಯುವ ಮುಂಚೆ ಪ್ರೀಆಂಪ್ ಇದೆಯಾ ನೋಡಿ. ಈಗಿನ ಅನೇಕ ಮಾದರಿಗಳಲ್ಲಿ ಅದು ಒಳಗೇ ಇರುತ್ತದೆ, ಹಿಂದೆ ಒಂದು ಸ್ವಿಚ್ಚು.

ಸದ್ದಿನ ವಿಷಯ ಪೂರ್ತಿ ಬಿಡುವ ಹಾಗೂ ಇಲ್ಲ. ತಟ್ಟೆ ತಿರುಗುವ ವೇಗ ಒಂದೇ ಇದ್ದರೂ ಮುಳ್ಳಿನ ಕೆಳಗೆ ಸರಿಯುವ ಗೆರೆಯ ಉದ್ದ ಒಂದೇ ಅಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್, ಒಳಗೆ ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಸುಮಾರು 20. ಹಾಗಾಗಿ ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ‘ಸ’, ‘ಶ’ ಅಕ್ಷರಗಳು ಒಡೆದ ಹಾಗೆ ಕೇಳುವುದುಂಟು. ಅಬ್ಬರದ ಹಾಡನ್ನು ಬದಿಯ ಶುರುವಿಗೂ ಮೆಲುದನಿಯದನ್ನು ಕೊನೆಗೂ ಹಾಕುವ ರೂಢಿಗೆ ಇದೂ ಒಂದು ಕಾರಣ. ಹೊಸ ರೆಕಾರ್ಡುಗಳ ಮೇಲೆ ‘180 ಗ್ರಾಂ’ ಎಂದು ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ತಟ್ಟೆಯ ತೂಕ ಮಾತ್ರ. ಸದ್ದು ನಿಂತಿರುವುದು ಯಾವ ಮಾಸ್ಟರಿನಿಂದ (ಮೂಲ ಪ್ರತಿಯಿಂದ), ಯಾರು, ಹೇಗೆ ಕೊರೆದರು ಅನ್ನುವುದರ ಮೇಲೆ. ಇತ್ತೀಚಿನ ಆಲ್ಬಮ್‌ಗಳು ಹೆಚ್ಚಾಗಿ ಕಂಪ್ಯೂಟರಿನಲ್ಲೇ ರೆಕಾರ್ಡ್ ಆದವು. ಅವುಗಳ ಎಲ್‌ಪಿಯನ್ನು ಕವರಿನ ಚೆಂದಕ್ಕೆ ಕೊಳ್ಳಿ, ಸಂತೋಷ. ಸಿಡಿಯಲ್ಲಿ ಇಲ್ಲದ ಏನೋ ಒಂದು ಅದರಲ್ಲಿ ಅಡಗಿದೆ ಎಂದು ಕೊಳ್ಳಬೇಡಿ.

78ರ ತಟ್ಟೆಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅವು ಅರಗಿನವು, ಕೈ ತಪ್ಪಿದರೆ ಚೂರು. ಗೆರೆ ಅಗಲ ಇರುವುದರಿಂದ ಬೇರೆ ಮುಳ್ಳೇ ಬೇಕು. ಆಲ್ಕೋಹಾಲ್ ಹಾಕಿ ಒರೆಸಿದರೆ ಅರಗು ಕರಗುತ್ತದೆ. ಕೀ ಕೊಟ್ಟು ತಿರುಗಿಸುವ ಹಳೆಯ ಗ್ರಾಮಫೋನಿನ ಮೇಲೆ ಎಲ್‌ಪಿ ಇಡುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ಆ ಉಕ್ಕಿನ ಮುಳ್ಳು ಒಂದೇ ಸಲಕ್ಕೆ ಗೆರೆಯನ್ನು ಉತ್ತುಬಿಡುತ್ತದೆ.

ಕ್ಯಾಸೆಟ್: ಪ್ರೀತಿ ಜಾಸ್ತಿ, ಯಂತ್ರ ಕಡಿಮೆ

ಫಿಲಿಪ್ಸ್ ಕಂಪನಿಯಲ್ಲಿ ಲೂ ಓಟೆನ್ಸ್ ಅವರ ತಂಡ ಮಾಡಿದ ಈ ಪುಟ್ಟ ಡಬ್ಬಿ 1963ರಲ್ಲಿ ಬರ್ಲಿನ್‌ನ ರೇಡಿಯೊ ಪ್ರದರ್ಶನದಲ್ಲಿ ಹೊರಬಂತು. ಆಗ ಸಂಗೀತಕ್ಕಿಂತ ಮಾತು ರೆಕಾರ್ಡ್ ಮಾಡಿಕೊಳ್ಳುವುದೇ ಮುಖ್ಯ ಉದ್ದೇಶ. ರೀಲಿನ ಅಗಲ 3.81 ಮಿಲಿಮೀಟರ್, ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಅಷ್ಟು ಕಿರಿದಾದ ರೀಲು ಅಷ್ಟು ನಿಧಾನ ಓಡಿದರೆ ಹಿಂದೆ ‘ಸ್ಸ್’ ಅನ್ನುವ ಸದ್ದು ಇದ್ದೇ ಇರುತ್ತದೆ. ಅದನ್ನು ತಗ್ಗಿಸಲು ಡಾಲ್ಬಿ ಎಂಬ ತಂತ್ರ ಬಂತು. 1979ರ ಜುಲೈನಲ್ಲಿ ಸೋನಿ ವಾಕ್‌ಮನ್ ಬಂದ ಮೇಲೆ ಹಾಡು ಜೇಬಿನಲ್ಲಿ ಓಡಾಡತೊಡಗಿತು.

ಕ್ಯಾಸೆಟ್ಟಿನ ಮೇಲೆ ನಮಗಿರುವ ಅಕ್ಕರೆಗೆ ಸದ್ದು ಕಾರಣವೇ ಅಲ್ಲ. ರೆಕಾರ್ಡ್ ಬಟನ್ ಕಾರಣ. ಬೇಕಾದ ಹಾಡು ಆರಿಸಿ, ಅನುಕ್ರಮ ಹಾಕಿ, ಬದಿಗೆ ನಲವತ್ತೈದು ನಿಮಿಷದ ಲೆಕ್ಕ ಸರಿಹೊಂದಿಸಿ, ಕಾಗದದ ಮೇಲೆ ಹೆಸರು ಬರೆದು ಯಾರಿಗೋ ಕೊಡುವುದು ರೆಕಾರ್ಡಿನಲ್ಲಿ ಆಗುತ್ತಿರಲಿಲ್ಲ. ಅದಕ್ಕೇ ಕ್ಯಾಸೆಟ್ ಬಯಸುವವರಿಗೆ ನಾನು ಕೇಳುವುದು: ನಿಮಗೆ ಬೇಕಿರುವುದು ನುಡಿಸುವುದಾ, ತುಂಬಿಸುವುದಾ?

ಎರಡಕ್ಕೂ ಯಂತ್ರದ ಪಾಡು ಒಂದೇ. ಈಗ ಬರುವ ಹೊಸ ಪ್ಲೇಯರ್‌ಗಳಲ್ಲಿ ಬಹುಪಾಲು ಒಂದೇ ಅಗ್ಗದ ಹಳೆಯ ಯಾಂತ್ರಿಕ ವ್ಯವಸ್ಥೆಯ ನಕಲು ಇರುತ್ತದೆ. ವೇಗ ಒಂದೇ ಸಮ ಇರದೆ ಹಾಡು ಅಲುಗುತ್ತದೆ. ಡಾಲ್ಬಿ ಸಾಮಾನ್ಯವಾಗಿ ಇರುವುದಿಲ್ಲ. ಡಾಲ್ಬಿಯಲ್ಲಿ ರೆಕಾರ್ಡ್ ಆದ ಕ್ಯಾಸೆಟ್ಟನ್ನು ಅದಿಲ್ಲದೆ ನುಡಿಸಿದರೆ ಚೂಪು ಸದ್ದು ಜಾಸ್ತಿಯಾಗುತ್ತದೆ. ಹಳೆಯ ಒಳ್ಳೆಯ ಡೆಕ್ ಇದಕ್ಕಿಂತ ಎಷ್ಟೋ ಮೇಲು, ಆದರೆ ಒಳಗಿನ ರಬ್ಬರು ಮುದಿಯಾಗಿರುತ್ತದೆ. ಬೆಲ್ಟು ಹಿಗ್ಗಿರುತ್ತದೆ, ಇಲ್ಲವೇ ಕರಗಿ ಜಿಗುಟಾಗಿರುತ್ತದೆ. ರೀಲನ್ನು ಒತ್ತಿ ಎಳೆಯುವ ರಬ್ಬರ್ ಚಕ್ರ ಗಟ್ಟಿಯಾಗಿ ನುಣುಪಾಗಿರುತ್ತದೆ. ಹಾಗಾಗಿ ರಿಪೇರಿ ಮಾಡಿ, ಬೆಲ್ಟು ಬದಲಿಸಿ ಮಾರುವವರಿಂದಲೇ ಕೊಳ್ಳಿ. ‘ಲೈಟು ಹತ್ತುತ್ತದೆ, ಬೇರೆ ನೋಡಿಲ್ಲ’ ಎಂದು ಮಾರುವ ಡೆಕ್ ಅಗ್ಗ ಅನ್ನಿಸಿದರೂ ಆಮೇಲೆ ಕೈ ಕಚ್ಚುತ್ತದೆ.

ಖಾಲಿ ಕ್ಯಾಸೆಟ್ ಸಿಕ್ಕರೆ ಸಿ-60, ಸಿ-90 ಒಳ್ಳೆಯದು (ಸಂಖ್ಯೆ ಎರಡೂ ಬದಿ ಸೇರಿದ ನಿಮಿಷಗಳದ್ದು). ಸಿ-120ರಲ್ಲಿ ರೀಲು ತೀರಾ ತೆಳು, ಬೇಗ ಸಿಕ್ಕಿಕೊಳ್ಳುತ್ತದೆ. ಸಣ್ಣಪುಟ್ಟ ಬ್ಯಾಂಡುಗಳು ಈಗಲೂ ಕ್ಯಾಸೆಟ್ ಮಾಡಿಸುತ್ತವೆ, ಯಾಕೆಂದರೆ ಐವತ್ತು ನೂರು ಪ್ರತಿ ಮಾತ್ರ ಮಾಡಿಸುವುದು ಎಲ್‌ಪಿಗಿಂತ ಬಹಳ ಸುಲಭ. ಅಂಥದ್ದು ಇಷ್ಟವಾದರೆ ಕೊಳ್ಳಿ. ಸಿಡಿಯಲ್ಲೂ ಸಿಗುವ ಆಲ್ಬಮ್ಮನ್ನು ಕ್ಯಾಸೆಟ್ಟಿನಲ್ಲಿ ಕೊಳ್ಳಲು ನನಗಂತೂ ಕಾರಣ ಕಾಣುವುದಿಲ್ಲ.

ಮನೆಯಲ್ಲೇ ರೆಕಾರ್ಡ್ ಮಾಡಿದ ಹಳೆಯ ಕ್ಯಾಸೆಟ್ ಇದ್ದವರು ನುಡಿಸುವ ಮುಂಚೆ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಆಮೇಲೆ ಕೈ ತಪ್ಪಿ ರೆಕಾರ್ಡ್ ಒತ್ತಿದರೂ ಹಳೆಯದು ಅಳಿಯುವುದಿಲ್ಲ. ಡೆಕ್ಕಿನಲ್ಲಿ ರೀಲನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಲ್ಲಿ ಒರೆಸಿ, ಮೊದಲ ಸಲ ನುಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಎರಡನೇ ಸಲಕ್ಕೆ ರೀಲು ತಡೆಯದಿರಬಹುದು.

ಸಿಡಿ: ಯಾರೂ ಹೊಗಳದ ಜಾಣ ಆಯ್ಕೆ

1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿಯ ಸಿಡಿಪಿ-101 ಪ್ಲೇಯರ್ ಮಾರಾಟಕ್ಕೆ ಬಂತು. ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಹನ್ನೆರಡು ಸೆಂಟಿಮೀಟರಿನ ಬಿಲ್ಲೆ, 74 ನಿಮಿಷದ ಹಾಡು. ಒಳಗಿನ ಸುರುಳಿ ಬಿಡಿಸಿದರೆ ಐದು ಕಿಲೋಮೀಟರಿಗೂ ಉದ್ದ. ಲೇಸರ್ ಓದುವುದು ಒಳಗಿನಿಂದ ಹೊರಕ್ಕೆ. ಶುರುವಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವಾಗ ಸುಮಾರು 200. ಹೀಗೆ ವೇಗ ಬದಲಾಗುವುದರಿಂದ ಎಲ್‌ಪಿಯ ಕೊನೆಯ ಹಾಡಿನ ತೊಂದರೆ ಇಲ್ಲಿಲ್ಲ. ಬಿಲ್ಲೆಗೆ ತಾಗುವುದು ಲೇಸರಿನ ಬೆಳಕು ಮಾತ್ರ ಆದ್ದರಿಂದ ನೂರು ಸಲ ಕೇಳಿದರೂ ಸವೆಯುವುದಿಲ್ಲ.

ಸಿಡಿಗೆ ಪರವಾದ ದೊಡ್ಡ ಮಾತು ಸದ್ಯದ ಮಾರುಕಟ್ಟೆ. ಅಮೆರಿಕದಲ್ಲಿ 2020ರಲ್ಲಿ ಎಲ್‌ಪಿ ಮಾರಾಟದ ಹಣ ಸಿಡಿಯದನ್ನು ಮೀರಿತು. 1986ರ ನಂತರ ಅದೇ ಮೊದಲು. ಎಲ್ಲರೂ ಎಲ್‌ಪಿಯ ಹಿಂದೆ ಬಿದ್ದಾಗ ಸೆಕೆಂಡ್ ಹ್ಯಾಂಡ್ ಸಿಡಿ ಅಂಗಡಿಯ ಮೂಲೆ ಸೇರಿತು. ಒಂದು ಎಲ್‌ಪಿಯ ಹಣಕ್ಕೆ ಹಲವು ಸಿಡಿ ಬರುತ್ತವೆ. ಮನೆಗೆ ತಂದು ಕಂಪ್ಯೂಟರಿಗೆ ಇಳಿಸಿಕೊಂಡರೆ ಅಚ್ಚಿನಂತೆ ಅದೇ ಪ್ರತಿ. ಬಿಲ್ಲೆ ಕಪಾಟಿನಲ್ಲಿ, ಹಾಡು ಜೇಬಿನಲ್ಲಿ. ಹಾಡು ನನ್ನದಾಗಬೇಕು ಅನ್ನುವವರಿಗೆ ಸಿಡಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಯಾವ ಮುದ್ರಣ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ. 1990ರ ದಶಕದಿಂದ ಆಲ್ಬಮ್‌ಗಳನ್ನು ಜೋರು ಜೋರಾಗಿ ಕೇಳುವಂತೆ ಮಾಸ್ಟರ್ ಮಾಡುವ, ಅಂದರೆ ಮುದ್ರಣಕ್ಕೆ ಮುಂಚೆ ಸದ್ದನ್ನು ಹದ ಮಾಡುವ, ಚಟ ಹತ್ತಿತು. ಪಿಸುಮಾತು, ಕೂಗು ಎಲ್ಲಾ ಒಂದೇ ಮಟ್ಟ. ಕೇಳುತ್ತಾ ಹೋದರೆ ಕಿವಿ ದಣಿಯುತ್ತದೆ. ಅದಕ್ಕೇ ‘ರೀಮಾಸ್ಟರ್ಡ್’ ಎಂದು ಬರೆದ ಹೊಸದಕ್ಕಿಂತ 1980ರ ದಶಕದ ಸಾದಾ ಸಿಡಿ ಎಷ್ಟೋ ಸಲ ಹಿತವಾಗಿರುತ್ತದೆ. ಕೆಲವು ಎಲ್‌ಪಿಗಳು ಅವುಗಳ ಸಿಡಿಗಿಂತ ಚೆನ್ನಾಗಿ ಕೇಳುವುದಕ್ಕೂ ಮಾಸ್ಟರಿಂಗ್ ಕಾರಣ ಇರುತ್ತದೆ, ತಟ್ಟೆಯ ಮಾಯೆ ಏನಲ್ಲ.

ಪ್ಲೇಯರ್ ಚಿಂತೆ ಸದ್ಯಕ್ಕೆ ಕಡಿಮೆ. ಹಳೆಯ ಡಿವಿಡಿ ಪ್ಲೇಯರ್ ಇದ್ದರೆ ಅದೇ ಸಾಕು. ಲೇಸರ್ ಮುದಿಯಾದರೆ ಅದು ಸಿಡಿಯನ್ನು ಗುರುತಿಸುವುದಿಲ್ಲ, ಆಗ ಬೇರೆಯದು ನೋಡಿದರಾಯಿತು. ಮಿನಿಡಿಸ್ಕ್, ಎಂಟು ಟ್ರ್ಯಾಕಿನ ಟೇಪು ಮುಂತಾದ ಬಳಕೆ ತಪ್ಪಿದ ಬಗೆಗಳೆಲ್ಲ ಯಂತ್ರ ಬಿಚ್ಚಿ ಜೋಡಿಸುವ ಹುಚ್ಚು ಇದ್ದವರಿಗೆ. ಹೊಸಬರು ದೂರದಿಂದ ನಮಸ್ಕಾರ ಹೇಳಿ ಮುಂದೆ ಹೋಗಿ.

ಎಲ್ಲಿ ಕೊಳ್ಳುವುದು?

ಹೊಸ ರೆಕಾರ್ಡಿನ ಅಂಗಡಿ, ಸೆಕೆಂಡ್ ಹ್ಯಾಂಡ್ ಅಂಗಡಿ, ಆನ್‌ಲೈನ್. ತಡಕಾಡುವ ಸುಖ ಬೇಕಾದರೆ ಸೆಕೆಂಡ್ ಹ್ಯಾಂಡ್ ಅಂಗಡಿಯೇ ಸರಿ. ಅಲ್ಲಿ ಏನಿದೆ ಎಂದು ಮಾಲೀಕರಿಗೂ ಪೂರ್ತಿ ಗೊತ್ತಿರುವುದಿಲ್ಲ. ವಿಂಗಡಿಸಿ ಇಟ್ಟ ಸಾಲಿಗಿಂತ ‘ಈಗ ಬಂದದ್ದು’ ಅನ್ನುವ ಪೆಟ್ಟಿಗೆಯನ್ನು ಮೊದಲು ನೋಡಿ. ಸಾಧಾರಣವಾಗಿ ಒಂದು ಮನೆಯ ಸಂಗ್ರಹ ಅಲ್ಲಿಗೆ ಒಟ್ಟಿಗೆ ಬಂದು ಬೀಳುತ್ತದೆ. ಒಬ್ಬರ ರುಚಿ ಹಿಡಿದು ಹೋದರೆ ನಿಮಗೆ ಗೊತ್ತೇ ಇಲ್ಲದ ನಾಲ್ಕು ಹೆಸರು ಸಿಗುತ್ತವೆ. ಫೋನು ಇದನ್ನು ಮಾಡಲಾರದು. ನೀವು ಈಗಾಗಲೇ ಕೇಳಿದ್ದರ ಹತ್ತಿರದ್ದನ್ನೇ ಅದು ಮತ್ತೆ ಮತ್ತೆ ಮುಂದಿಡುತ್ತದೆ, ಅಲ್ವಾ?

2008ರಿಂದ ವರ್ಷಕ್ಕೊಮ್ಮೆ ಏಪ್ರಿಲ್ ಹೊತ್ತಿಗೆ ನಡೆಯುವ ರೆಕಾರ್ಡ್ ಸ್ಟೋರ್ ಡೇ ದಿನ ವಿಶೇಷ ಮುದ್ರಣಗಳು ಬರುತ್ತವೆ. ಅಂಗಡಿಗಳಿಗೆ ಒಳ್ಳೆಯ ವ್ಯಾಪಾರ. ನಿಧಾನವಾಗಿ ಹುಡುಕುವವರಿಗೆ ಅದು ಸರಿಯಾದ ದಿನವಲ್ಲ, ಸಾಲಿನಲ್ಲಿ ನಿಂತೇ ಸುಸ್ತು.

ಕೈಗೆ ಸಿಕ್ಕಿದ್ದನ್ನು ನೋಡುವ ಬಗೆ ಒಂದೊಂದಕ್ಕೂ ಬೇರೆ. ಎಲ್‌ಪಿಯನ್ನು ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ ಹಿಡಿದು, ದೀಪದ ಕೆಳಗೆ ಓರೆ ಮಾಡಿ. ಉಗುರಿಗೆ ತಾಗುವ ಗೀರು ಇದ್ದರೆ ಹಾಡಿನಲ್ಲೂ ಟಕ್ ಟಕ್ ಇರುತ್ತದೆ. ಕಣ್ಣಿಗೆ ಕಾಣುವ ಕೂದಲಿನಂಥ ಗೆರೆಗಳು ಎಷ್ಟೋ ಸಲ ಕೇಳುವುದಿಲ್ಲ. ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಾಗಿದೆಯಾ ನೋಡಿ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಗೀಚು ಜಾಸ್ತಿ ಇದ್ದರೆ ಆ ರೆಕಾರ್ಡು ಬಹಳ ಓಡಿದೆ ಎಂದರ್ಥ. ಕವರ್ ಒಂದು, ಒಳಗಿನ ತಟ್ಟೆ ಇನ್ನೊಂದು ಇರುವುದು ಅಪರೂಪವಲ್ಲ. ಹಣ ಕೊಡುವ ಮುಂಚೆ ಹೊರಗೆ ತೆಗೆದು ನೋಡಿ.

ಕ್ಯಾಸೆಟ್ಟಿನ ಬಾಯಿಯ ನಡುವೆ, ರೀಲಿನ ಹಿಂದೆ, ಒಂದು ಪುಟ್ಟ ಉಣ್ಣೆಯ ಪ್ಯಾಡ್ ಇರಬೇಕು. ಅದು ಬಿದ್ದುಹೋಗಿದ್ದರೆ ಸದ್ದು ಮಂಕಾಗುತ್ತದೆ. ಕಿಟಕಿಯಲ್ಲಿ ಇಣುಕಿ, ಸುತ್ತಿದ ರೀಲಿನ ಅಂಚಿನಲ್ಲಿ ಬಿಳಿ ಚುಕ್ಕಿ ಕಂಡರೆ ಬೂಷ್ಟು. ಅಲ್ಲೇ ಇಟ್ಟು ಬನ್ನಿ, ನಿಮ್ಮ ಡೆಕ್ಕಿನಿಂದ ಬೇರೆ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಡಬ್ಬಿಗೆ ಸ್ಕ್ರೂ ಇದ್ದರೆ ರಿಪೇರಿ ಸುಲಭ, ಅಂಟಿಸಿದ್ದರೆ ಕಷ್ಟ.

ಸಿಡಿಯ ಕೆಳಗಿನ ಗೀರಿಗಿಂತ ಹೆಸರು ಅಚ್ಚಾದ ಮೇಲ್ಭಾಗದ ಗೀರು ಅಪಾಯ. ಹಾಡು ತುಂಬಿದ ಪದರ ಆ ಕಡೆಯ ತೆಳು ಲೇಪದ ಕೆಳಗೇ ಇದೆ. ಬೆಳಕಿಗೆ ಹಿಡಿದರೆ ಸೂಜಿ ತೂತುಗಳು ಕಾಣುತ್ತವಾ ನೋಡಿ. ತಳ ನೀಲಿಯೋ ಹಸಿರೋ ಇದ್ದರೆ ಅದು ಸಾಮಾನ್ಯವಾಗಿ ಮನೆಯಲ್ಲಿ ಬರೆದ ಸಿಡಿ-ಆರ್, ಹೆಚ್ಚು ಬಾಳುವ ನಂಬಿಕೆಯಿಲ್ಲ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಅಡ್ಡ ಗೀರು ಬಿದ್ದರೆ ಪ್ಲೇಯರ್ ತಪ್ಪನ್ನು ತಾನೇ ಸರಿ ಮಾಡಿಕೊಳ್ಳುತ್ತದೆ, ಸುರುಳಿಯ ಉದ್ದಕ್ಕೆ ಬಿದ್ದರೆ ತೊಡಕು.

ಇಂಥದ್ದೇ ಮುದ್ರಣ ಬೇಕು ಎಂದು ಹಟ ಇದ್ದರೆ ಆನ್‌ಲೈನ್ ವಾಸಿ. 2000ದಲ್ಲಿ ಶುರುವಾದ ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ ಒಂದೇ ಆಲ್ಬಮ್ಮಿನ ಬೇರೆ ಬೇರೆ ಮುದ್ರಣಗಳ ಪಟ್ಟಿ ಇದೆ. ತಟ್ಟೆಯ ಕೊನೆಯ ಗೆರೆಗೂ ಲೇಬಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ಗೀಚಿದ ಸಂಖ್ಯೆಯಿಂದ ಯಾವುದು ಎಂದು ಗುರುತಿಸುತ್ತಾರೆ. ಅಲ್ಲಿನ ದರ್ಜೆಗಳನ್ನು ಮಾತ್ರ ಅಕ್ಷರಶಃ ತೆಗೆದುಕೊಳ್ಳಬೇಡಿ. ‘ಗುಡ್’ ಎಂದರೆ ಅಲ್ಲಿ ಹೆಚ್ಚು ಕಡಿಮೆ ಹಾಳಾದದ್ದು. ‘ವೆರಿ ಗುಡ್ ಪ್ಲಸ್’ಗಿಂತ ಕೆಳಗಿನದ್ದನ್ನು ನೋಡದೆ ಕೊಳ್ಳುವುದು ಬೇಡ. ಎಲ್‌ಪಿ ತರಿಸುವಾಗ ತಟ್ಟೆಯನ್ನು ಕವರಿನಿಂದ ಹೊರಗೆ ತೆಗೆದು, ಒಳ ಚೀಲದ ಸಮೇತ ಕವರಿನ ಹಿಂದೆ ಇಟ್ಟು ಕಳಿಸಿ ಎಂದು ಮಾರುವವರಿಗೆ ಬರೆಯಿರಿ. ಒಳಗೇ ಇಟ್ಟು ಕಳಿಸಿದರೆ ದಾರಿಯಲ್ಲಿ ತಟ್ಟೆ ಜಾರಿ ಜಾರಿ ಕವರಿನ ಅಂಚು ಸೀಳುತ್ತದೆ.